ಅರ್ಧ ಇಂಚು

ಹೋದ ವರ್ಷ ಚಿಕ್ಕಮ್ಮನ ಮಗಳ ಮದುವೆಗೆಂದು ಊರಿಗೆ ಹೋದಾಗ ಅಮ್ಮ ನನಗೊಂದು ರವಿಕೆ ಹೊಲಿದಿಟ್ಟಿದ್ದಳು. ಹಸಿರು ಬಣ್ಣ, ಮೊಣಕೈವರೆಗೆ ತೋಳು. ತೊಟ್ಟು ನೋಡಿದರೆ ಬಲತೋಳು ಸರಿಯಾಗಿದೆ, ಎಡತೋಳು ಬಿಗಿ. ಅಮ್ಮನಿಗೆ ತನ್ನ ಕೈಕೆಲಸದ ಮೇಲೆಯೇ ಅನುಮಾನ ಬಂತು. ಕುಂದಾಪುರದ ಹತ್ತಿರದ ನಮ್ಮೂರಿನಲ್ಲಿ ಇಪ್ಪತ್ತೈದು ವರ್ಷದಿಂದ ಹೊಲಿಗೆ ಮಿಷನ್ ತುಳಿಯುತ್ತಿರುವವಳು. ಒಂದು ತೋಳು ಹೆಚ್ಚುಕಡಿಮೆಯಾದರೆ ಆ ದಿನ ಅವಳಿಗೆ ಊಟ ಸೇರುವುದಿಲ್ಲ. ರವಿಕೆ ಬಿಚ್ಚಿಸಿ ಎರಡೂ ತೋಳುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಳು. ಎರಡೂ ಒಂದೇ. ಆಮೇಲೆ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಟೇಪು ತೆಗೆದು ನನ್ನ ತೋಳುಗಳನ್ನೇ ಅಳೆದಳು. ಬಲಗೈಗಿಂತ ಎಡಗೈ ಅರ್ಧ ಇಂಚು ಹೆಚ್ಚು.

“ಇದೆಂತ?” ಎಂದು ಬೆರಳಿನಿಂದ ಒತ್ತಿದಳು. ತೋಳಿನ ಹಿಂಭಾಗದಲ್ಲಿ, ಭುಜಕ್ಕೂ ಮೊಣಕೈಗೂ ನಡುವೆ, ಹಳೆಯ ರಬ್ಬರಿನಂಥ ಒಂದು ದಪ್ಪ. “ಗಂಟಾ?”

“ಕೊಬ್ಬು ಅಮ್ಮ, ಎಂತ ಇಲ್ಲ.”

ಸುಳ್ಳೇನೂ ಹೇಳಿರಲಿಲ್ಲ. ಅದು ಕೊಬ್ಬೇ. ಆದರೆ ಎಲ್ಲಿಂದ ಬಂತು ಎಂಬುದು ನನಗೆ ಅಂದಾಜಿತ್ತು, ಅದನ್ನು ಹೇಳಲಿಲ್ಲ. ಅಮ್ಮ ಮತ್ತೇನೂ ಕೇಳದೆ ಎಡತೋಳಿನ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯಲ್ಲಿ ಅರ್ಧ ಇಂಚು ಸಡಿಲಿಸಿ ಕೊಟ್ಟಳು. ಮದುವೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ನನಗೆ ಹದಿನಾರನೆಯ ವಯಸ್ಸಿಗೆ ಟೈಪ್ ಒನ್ ಡಯಾಬಿಟಿಸ್ ಬಂತು. ಎರಡನೇ ಪಿಯುಸಿಯ ಮಳೆಗಾಲ. ಎಷ್ಟು ನೀರು ಕುಡಿದರೂ ಬಾಯಾರಿಕೆ, ಎರಡು ತಿಂಗಳಲ್ಲಿ ಒಂಬತ್ತು ಕೆಜಿ ಇಳಿಕೆ, ಆಸ್ಪತ್ರೆ, ಇನ್ಸುಲಿನ್. ಆ ಕಥೆಯನ್ನು ಬಹಳ ಜನ ಬರೆದಿದ್ದಾರೆ, ನನ್ನದೇನೂ ಬೇರೆಯಲ್ಲ. ಮೊದಲ ಎರಡು ವರ್ಷ ದಿನಕ್ಕೆ ಎರಡು ಸಲ, ಆಮೇಲೆ ನಾಲ್ಕು ಸಲ ಚುಚ್ಚಿಕೊಂಡಿದ್ದೇನೆ: ಮೂರು ಹೊತ್ತಿನ ಊಟಕ್ಕೆ ಒಂದೊಂದು, ರಾತ್ರಿ ಮಲಗುವಾಗ ನಿಧಾನಕ್ಕೆ ಕರಗುವ ಇನ್ನೊಂದು. ಹನ್ನೆರಡು ವರ್ಷಕ್ಕೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ 16,000 ಸಲ.

ಆಸ್ಪತ್ರೆಯಲ್ಲಿ ಮೊದಲ ದಿನ ಕಿತ್ತಳೆ ಹಣ್ಣಿಗೆ ಚುಚ್ಚಿಸಿ ಕಲಿಸಿದ್ದರು. ಜಾಗ ಬದಲಾಯಿಸುತ್ತಿರಬೇಕು ಎಂದೂ ಹೇಳಿದ್ದರು: ಹೊಟ್ಟೆ, ತೊಡೆ, ತೋಳು, ಪೃಷ್ಠ; ಹೊಕ್ಕುಳಿನಿಂದ ಎರಡು ಇಂಚು ದೂರ; ನಿನ್ನೆಯ ತೂತಿನಿಂದ ಒಂದು ಬೆರಳಗಲವಾದರೂ ಆಚೆ. ಕೇಳಿಸಿಕೊಂಡಿದ್ದೆ. ಆದರೆ ಹದಿನಾರರ ಹುಡುಗಿ ಕಾಲೇಜಿನ ಶೌಚಾಲಯದಲ್ಲಿ ಚೀಲ ಹಲ್ಲಿನಲ್ಲಿ ಕಚ್ಚಿಕೊಂಡು ನಿಂತು ಎರಡು ನಿಮಿಷದಲ್ಲಿ ಮುಗಿಸಬೇಕಾದಾಗ ಕೈ ತಾನಾಗಿ ಹೋಗುವುದು ಗೊತ್ತಿರುವ ಜಾಗಕ್ಕೆ. ನನಗೆ ಅಂಥ ಎರಡು ಜಾಗಗಳಿದ್ದವು. ಹೊಕ್ಕುಳಿನ ಎಡಕ್ಕೆ ಒಂದು. ಕುರ್ಚಿಯ ಬೆನ್ನಿಗೆ ಒತ್ತಿ ಹಿಡಿದರೆ ಉಬ್ಬಿ ಬರುತ್ತಿದ್ದ ಎಡತೋಳು ಇನ್ನೊಂದು. ಅಲ್ಲಿ ನೋವೇ ಆಗುತ್ತಿರಲಿಲ್ಲ. ಮೊದಮೊದಲು ಆಗುತ್ತಿತ್ತು, ಕ್ರಮೇಣ ನಿಂತಿತು. ನಾನು ಅದನ್ನು ಧೈರ್ಯ ಎಂದುಕೊಂಡಿದ್ದೆ.

ಅದು ಧೈರ್ಯವಲ್ಲ, ಲೈಪೋಹೈಪರ್‌ಟ್ರೋಫಿ. ಇನ್ಸುಲಿನ್‌ಗೆ ಸಕ್ಕರೆ ಇಳಿಸುವುದರ ಜೊತೆಗೆ ಕೊಬ್ಬು ಬೆಳೆಸುವ ಗುಣವೂ ಇದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹಾಕಿದರೆ ಚರ್ಮದ ಕೆಳಗಿನ ಕೊಬ್ಬಿನ ಕಣಗಳು ಉಬ್ಬಿ ಗಡ್ಡೆಯಂತಾಗುತ್ತವೆ. ಅಲ್ಲಿ ಸ್ಪರ್ಶ ಮಂದ, ಹಾಗಾಗಿ ನೋವಿಲ್ಲ. ನೋವಿಲ್ಲವೆಂದು ಮತ್ತೆ ಅಲ್ಲೇ ಚುಚ್ಚುತ್ತೇವೆ. ಗಡ್ಡೆ ಇನ್ನಷ್ಟು ಬೆಳೆಯುತ್ತದೆ. ಅದರೊಳಗೆ ಬಿದ್ದ ಇನ್ಸುಲಿನ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಒಂದು ದಿನ ಅರ್ಧ ಅಲ್ಲೇ ಕೂತಿರುತ್ತದೆ, ಇನ್ನೊಂದು ದಿನ ಹೇಳದೆ ಕೇಳದೆ ಒಟ್ಟಿಗೆ ನುಗ್ಗುತ್ತದೆ. ಬೆಳಿಗ್ಗೆ 310, ಸಂಜೆ 62 ಎಂದು ಬರುತ್ತಿದ್ದ ನನ್ನ ಅಂಕಿಗಳಿಗೆ ಯಾವ ಡಾಕ್ಟರ ಬಳಿ ಹೋದರೂ ಒಂದೇ ಪ್ರಶ್ನೆ: “ಸಿಹಿ ತಿಂತಿದ್ದೀಯಾ?” ತಿನ್ನುವುದಿಲ್ಲ ಎಂದರೆ ನಂಬುತ್ತಿರಲಿಲ್ಲ. ಆಮೇಲಾಮೇಲೆ ನಾನೂ ವಾದ ಬಿಟ್ಟು, ಸ್ವಲ್ಪ ತಿಂದೆ ಸರ್ ಎಂದುಬಿಡುತ್ತಿದ್ದೆ. ಬೇಗ ಹೊರಗೆ ಬರಬಹುದಿತ್ತು.

ಹನ್ನೆರಡು ವರ್ಷದಲ್ಲಿ ನನ್ನ ರಕ್ತ ನೋಡಿದವರು, ಮೂತ್ರ ನೋಡಿದವರು, ಕಣ್ಣಿನ ಪಾಪೆ ಹಿಗ್ಗಿಸಿ ಒಳಗೆ ಇಣುಕಿದವರು, ಪಾದಕ್ಕೆ ನೈಲಾನ್ ದಾರ ಮುಟ್ಟಿಸಿ ಗೊತ್ತಾಗುತ್ತಾ ಎಂದು ಕೇಳಿದವರು ಎಲ್ಲ ಇದ್ದಾರೆ. ಎಲ್ಲಿ ಚುಚ್ಚಿಕೊಳ್ಳುತ್ತೀಯಾ, ತೋರಿಸು ಎಂದವರಿಲ್ಲ. ಮೊದಲು ಮುಟ್ಟಿ ನೋಡಿದ್ದು ಅಮ್ಮ, ಅದೂ ರವಿಕೆಗಾಗಿ.

ಅಮ್ಮನ ಟೇಪು ತಲೆಯಲ್ಲಿ ಕೂತಿತ್ತು. ಮೈಸೂರಿಗೆ ವಾಪಸು ಬಂದ ಮೇಲೆ ಹೊಸ ಕ್ಲಿನಿಕ್ಕೊಂದಕ್ಕೆ ಹೋದೆ. ಅಲ್ಲಿ ಡಾಕ್ಟರರಿಗಿಂತ ಮೊದಲು ಒಬ್ಬರು ಹಿರಿಯ ನರ್ಸ್ ನೋಡುತ್ತಿದ್ದರು. ಅವರು ಫೈಲು ಬದಿಗಿಟ್ಟು, “ಮಲಕೋಮ್ಮ, ಬಟ್ಟೆ ಸ್ವಲ್ಪ ಮೇಲೆ ಮಾಡು,” ಎಂದರು. ಕಣ್ಣು ಬೇರೆಲ್ಲೋ ಇಟ್ಟುಕೊಂಡು ಬೆರಳ ತುದಿಗಳಿಂದ ಹೊಟ್ಟೆಯ ಮೇಲೆ ನಿಧಾನ ಜಾರಿಸುತ್ತಾ ಹೋದರು, ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ. ಹೊಕ್ಕುಳಿನ ಎಡಕ್ಕೆ ಬಂದಾಗ ನಿಂತರು. ಬಾಲ್‌ಪೆನ್ನಿನಲ್ಲಿ ಸುತ್ತ ಗೆರೆ ಎಳೆದರು. ತೋಳಿಗೂ ಹಾಗೇ. ಎದ್ದು ನೋಡಿದರೆ ನನ್ನ ಮೈಮೇಲೆ ಎರಡು ದ್ವೀಪಗಳ ನಕ್ಷೆ. “ಈ ಗೆರೆ ಒಳಗಡೆ ಇನ್ನು ಆರು ತಿಂಗಳು ಸೂಜಿ ಹೋಗ್ಬಾರ್ದು. ಒಳ್ಳೇ ಜಾಗಕ್ಕೆ ಹಾಕ್ದಾಗ ಪೂರ್ತಿ ಹತ್ತುತ್ತೆ, ಅದಕ್ಕೆ ಡೋಸು ಕಮ್ಮಿ ಮಾಡ್ಕೋಬೇಕು, ಗೊತ್ತಾಯ್ತಾ?”

ಡೋಸು ಅವರು ಹೇಳಿದಷ್ಟು ಕಡಿಮೆ ಮಾಡಲಿಲ್ಲ. ನನ್ನ ಇನ್ಸುಲಿನ್ ನನಗೆ ಗೊತ್ತು ಎಂಬ ಜಂಬ. ಅದೇ ರಾತ್ರಿ ಮೂರು ಗಂಟೆಗೆ ಬೆವರಿನಲ್ಲಿ ತೊಯ್ದು ಎದ್ದೆ. ಮೀಟರು 48 ತೋರಿಸಿತು. ರೂಮ್‌ಮೇಟ್ ಎದ್ದು ಗ್ಲೂಕೋಸ್ ಕಲಸಿ ಕುಡಿಸಿದಳು. ಅಷ್ಟು ವರ್ಷ ನಾನು ಹಾಕಿಕೊಂಡಿದ್ದ ಇನ್ಸುಲಿನ್‌ನಲ್ಲಿ ಎಷ್ಟು ಪಾಲು ಆ ಗಡ್ಡೆಗಳ ಹೊಟ್ಟೆಗೆ ಹೋಗುತ್ತಿತ್ತು ಎಂಬುದು ಆ ರಾತ್ರಿ ಅರ್ಥವಾಯಿತು.

ಇಲ್ಲಿಗೆ ಮುಗಿದಿದ್ದರೆ ಬರೆಯುವಂಥದ್ದೇನೂ ಇರಲಿಲ್ಲ. ಡೋಸು ಹೊಂದಿಸಿಕೊಂಡೆ, ತೊಡೆಗೆ ಶುರುಮಾಡಿದೆ. ಎರಡು ವಾರ ಚೆನ್ನಾಗಿತ್ತು. ಆಮೇಲೆ ತುರಿಕೆ ಬಂತು.

ಚುಚ್ಚಿದ ಇಪ್ಪತ್ತು ನಿಮಿಷಕ್ಕೆ ಎಂಟಾಣೆ ನಾಣ್ಯದಷ್ಟು ಕೆಂಪು. ಬೆಳಿಗ್ಗೆ ಹೊತ್ತಿಗೆ ಅಂಗೈಯಗಲ, ಮುಟ್ಟಿದರೆ ಬಿಸಿ, ನಡುವೆ ಗಟ್ಟಿ. ತುರಿಕೆ ಎಂದರೆ ಸೊಳ್ಳೆ ಕಚ್ಚಿದ ತುರಿಕೆಯಲ್ಲ. ಒಳಗಿನಿಂದ ಬರುವುದು, ಕೆರೆದರೆ ಇನ್ನೂ ಆಳಕ್ಕಿಳಿಯುವುದು. ಎರಡು ದಿನ ಇದ್ದು ಹೋಗುವಷ್ಟರಲ್ಲಿ ಪಕ್ಕದಲ್ಲಿ ಇನ್ನೆರಡು ಎದ್ದಿರುತ್ತಿದ್ದವು. ಲೈಬ್ರರಿಯಲ್ಲಿ ಮೇಜಿನ ಕೆಳಗೆ ಕೈ ಹಾಕಿ ಚೂಡಿದಾರದ ಮೇಲಿಂದಲೇ ತೊಡೆ ಒತ್ತಿ ಹಿಡಿದು ಕೂರುತ್ತಿದ್ದೆ. ಗೈಡ್ ಎದುರು ಕೂತು ಅಧ್ಯಾಯದ ತಿದ್ದುಪಡಿ ಕೇಳಿಸಿಕೊಳ್ಳುವಾಗ ಅರ್ಧ ಗಮನ ಕಾಲಿನ ಮೇಲೆ.

ಸಂಶೋಧನಾ ವಿದ್ಯಾರ್ಥಿಯಾದ್ದರಿಂದ ಒಂದು ನೋಟ್‌ಬುಕ್ ತೆರೆದೆ. ನನ್ನ ವಿಷಯ ಕನ್ನಡ ಸಣ್ಣಕತೆ, ವೈದ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಕಾಲಂ ಹಾಕುವುದು ಅಭ್ಯಾಸವಾಗಿತ್ತು: ದಿನಾಂಕ, ಜಾಗ, ಯಾವ ಇನ್ಸುಲಿನ್, ಎಷ್ಟು ಯೂನಿಟ್, ಕೆಂಪು ಎಷ್ಟು ಅಗಲ. ಒಂದೊಂದೇ ಅನುಮಾನವನ್ನು ಹಿಡಿದು ನೋಡಿದೆ. ಮೊದಲು ಸ್ಪಿರಿಟ್. ಒರೆಸಿ ಆರುವ ಮೊದಲೇ ಚುಚ್ಚಿದರೆ ಸ್ಪಿರಿಟ್ ಒಳಗೆ ಹೋಗಿ ಉರಿಯುತ್ತದೆ; ಅದನ್ನು ಬಿಟ್ಟು ಸೋಪಿನಲ್ಲಿ ತೊಳೆದು ಒರೆಸಿಕೊಂಡೆ. ಉರಿ ಹೋಯಿತು, ತುರಿಕೆ ಉಳಿಯಿತು. ಆಮೇಲೆ ತಣ್ಣಗಿನ ಪೆನ್. ಮೆಸ್ಸಿನ ಫ್ರಿಜ್‌ನಿಂದ ತಂದು ಹಾಗೇ ಹಾಕಿಕೊಳ್ಳುತ್ತಿದ್ದೆ. ಬಳಕೆಯಲ್ಲಿರುವ ಪೆನ್ನನ್ನು ಹೊರಗೇ ಇಡಬಹುದು, ನಾಲ್ಕು ವಾರ ಕೆಡುವುದಿಲ್ಲ. ಏಪ್ರಿಲ್ ಬಿಸಿಲಿಗೆ ಹೆದರಿ ಒಂದು ಪುಟ್ಟ ಮಣ್ಣಿನ ಮಡಕೆ ತಂದು, ಸುತ್ತ ಒದ್ದೆ ಬಟ್ಟೆ ಸುತ್ತಿ ಅದರೊಳಗಿಟ್ಟೆ. ನೋವು ಕಡಿಮೆಯಾಯಿತು, ತುರಿಕೆ ಉಳಿಯಿತು.

ಮೂರನೆಯದು ಸೂಜಿ. ಇದನ್ನು ಹೇಳಿಕೊಳ್ಳಲು ನಾಚಿಕೆ. ಫೆಲೋಶಿಪ್ ಬರುವುದು ನಾಲ್ಕು ತಿಂಗಳು, ಐದು ತಿಂಗಳು ತಡವಾಗುತ್ತಿತ್ತು. ಇನ್ಸುಲಿನ್ ಬಿಡಲಾಗದು, ಸ್ಟ್ರಿಪ್ ಬಿಡಲಾಗದು, ಉಳಿತಾಯ ಮಾಡಬಹುದಾದದ್ದು ಸೂಜಿಯಲ್ಲಿ ಮಾತ್ರ. ಒಂದು ಸೂಜಿಯನ್ನು ಒಂದು ವಾರ ಬಳಸುತ್ತಿದ್ದೆ. ನಾಲ್ಕು ಮಿಲಿಮೀಟರ್ ಉದ್ದದ, ಕೂದಲಿನಂಥ ಸೂಜಿ; ಮೇಲಿನ ಜಾರುಲೇಪ ಎರಡು ಮೂರು ಸಲಕ್ಕೇ ಹೋಗಿ ತುದಿ ಕೊಕ್ಕೆಯಾಗುತ್ತದೆ. ಅಮ್ಮನಿಗೆ ಫೋನಿನಲ್ಲಿ ಹೇಗೋ ಮಾತು ಬಂದಾಗ ಬೈದಳು. “ಪಾಲಿಯೆಸ್ಟರ್ ಬಟ್ಟೆಗೇ ಮೊಂಡು ಸೂಜಿ ಹಾಕಿದ್ರೆ ನೂಲು ಎಳೀತದೆ. ನಾನು ಗಿರಾಕಿ ಬಟ್ಟೆಗೆ ಹಾಕೂದಿಲ್ಲ, ನೀ ಮೈಗೆ ಹಾಕ್ತ್ಯಾ?” ಮರುದಿನ ಖಾತೆಗೆ ಎರಡು ಸಾವಿರ ಬಂದಿತ್ತು. ಅಪ್ಪ ಬೆಂಗಳೂರಿನ ಹೋಟೆಲಿನಿಂದ ಕಳಿಸಿದ್ದು. ಪ್ರತಿ ಸಲ ಹೊಸ ಸೂಜಿ ಶುರುವಾಯಿತು. ರಕ್ತಗಂದು ಗುರುತು ನಿಂತಿತು. ತುರಿಕೆ ಉಳಿಯಿತು.

ನೋಟ್‌ಬುಕ್ಕಿನ ಕಾಲಮ್ಮುಗಳನ್ನು ಸರಿಯಾಗಿ ನೋಡಿದ್ದರೆ ಬೇಗ ತಿಳಿಯುತ್ತಿತ್ತು. ದಿನದ ನಾಲ್ಕರಲ್ಲಿ ಏಳುತ್ತಿದ್ದುದು ಒಂದೇ, ರಾತ್ರಿಯದು. ಊಟದ ಮೊದಲಿನದು ನೀರಿನಂತೆ ತಿಳಿ. ರಾತ್ರಿಯದು ಅಕ್ಕಿ ತೊಳೆದ ನೀರಿನಂತೆ; ಎರಡು ಅಂಗೈ ನಡುವೆ ಹತ್ತು ಸಲ ಹೊರಳಿಸಿ ಹದ ಮಾಡಿಕೊಂಡು ಹಾಕಬೇಕು. ಹದಿನೆಂಟು ಯೂನಿಟ್. ಇದು ಗೊತ್ತಾದ ರಾತ್ರಿ ನಿರಾಳವಾಗುವ ಬದಲು ಭಯವಾಯಿತು. ಇನ್ಸುಲಿನ್‌ಗೇ ಅಲರ್ಜಿಯೆಂದರೆ? ಸಿಗಡಿ ಆಗದವರು ಸಿಗಡಿ ಬಿಡುತ್ತಾರೆ. ಪೆನ್ಸಿಲಿನ್ ಆಗದವರಿಗೆ ಬೇರೆ ಮಾತ್ರೆ ಇದೆ. ನಾನು ಇದನ್ನು ಬಿಟ್ಟು ಎಲ್ಲಿಗೆ ಹೋಗಲಿ?

ಹೀಗೆ ಹೆದರಿದವಳು ಮಾಡಬೇಕಾದದ್ದು ಡಾಕ್ಟರ ಬಳಿ ಹೋಗುವುದು. ನಾನು ಮಾಡಿದ್ದು ಹದಿನೆಂಟನ್ನು ಹದಿನಾಲ್ಕು ಮಾಡಿದ್ದು. ಕಡಿಮೆ ಹಾಕಿದರೆ ಕೆಂಪು ಚಿಕ್ಕದಾಗುತ್ತದೆ. ಆಮೇಲೆ ಹತ್ತು. ಮರುದಿನ ಸೆಮಿನಾರ್ ಇದ್ದರೆ, ತಿದ್ದುಪಡಿ ಕೊಡುವುದಿದ್ದರೆ, ಇವತ್ತೊಂದು ರಾತ್ರಿ ಬೇಡ ಎಂದು ಪೂರ್ತಿ ಬಿಟ್ಟದ್ದೂ ಇದೆ. ಬೆಳಿಗ್ಗೆ ಸಕ್ಕರೆ ಮುನ್ನೂರು ದಾಟಿರುತ್ತಿತ್ತು; ತಿಂಡಿಯ ಡೋಸಿನಲ್ಲಿ ಸರಿಮಾಡಿಕೊಳ್ಳುತ್ತಿದ್ದೆ. ಚರ್ಮ ತಿಳಿಯಾಯಿತು. ಚರ್ಮ ತಿಳಿಯಾದದ್ದನ್ನೇ ನಾನು ಗುಣವಾಗುವುದು ಎಂದು ಓದಿಕೊಂಡೆ.

ಇದಕ್ಕೆ ಇನ್ನೊಂದು ಒತ್ತಡವೂ ಇತ್ತು, ಅದನ್ನು ಬಿಟ್ಟರೆ ಅರ್ಧ ಹೇಳಿದಂತೆ. ಆ ತಿಂಗಳುಗಳಲ್ಲೇ ಮನೆಯಲ್ಲಿ ಗಂಡು ನೋಡುತ್ತಿದ್ದರು. ಕಾಯಿಲೆಯ ವಿಷಯ ಮೊದಲೇ ಹೇಳಿಬಿಡುವುದು ಅಪ್ಪನ ನಿಯಮ. ಹಾಗೆ ಹೇಳಿದ ಮೇಲೂ ಬಂದ ಒಂದು ಮನೆಯವರಲ್ಲಿ ಹುಡುಗನ ಅತ್ತೆಯೊಬ್ಬರು ಅಡುಗೆಮನೆಗೆ ಬಂದು ನನ್ನ ಕೈ ಹಿಡಿದು ತಿರುಗಿಸಿ ನೋಡಿ, “ಕಲೆ ಉಳೀತದಾ?” ಎಂದು ಮೆತ್ತಗೆ ಕೇಳಿದರು. ಕೆಟ್ಟವರೇನಲ್ಲ. ತರಕಾರಿ ಕೊಳ್ಳುವಾಗ ಎಲ್ಲರೂ ತಿರುಗಿಸಿಯೇ ನೋಡುತ್ತೇವೆ. ಅಮ್ಮ ಅಂದಿನಿಂದ ನಾನು ಹೇಳದೆಯೇ ನನ್ನ ಎಲ್ಲ ಕುರ್ತಾಗಳ ತೋಳನ್ನು ಮೊಣಕೈ ದಾಟಿಸಿ ಹೊಲಿಯತೊಡಗಿದಳು. ಆ ಸಂಬಂಧ ಮುಂದುವರಿಯಲಿಲ್ಲ. ಉದ್ದ ತೋಳು ಮುಂದುವರಿಯಿತು.

ಜುಲೈಯಲ್ಲಿ ವೈರಲ್ ಜ್ವರ ಬಂತು. ಸಾಮಾನ್ಯರಿಗೆ ಅದು ಮೂರು ದಿನದ ಮಾತು. ಜ್ವರ ಬಂದಾಗ ದೇಹಕ್ಕೆ ಇನ್ಸುಲಿನ್ ಹೆಚ್ಚು ಬೇಕಾಗುತ್ತದೆ, ನಾನು ಅರ್ಧಕ್ಕಿಳಿಸಿ ಕೂತಿದ್ದೆ. ಎರಡನೆಯ ದಿನ ವಾಂತಿ, ಹೊಟ್ಟೆನೋವು, ಉಸಿರು ತಾನಾಗಿಯೇ ಆಳಕ್ಕೆ, ವೇಗವಾಗಿ. ರೂಮ್‌ಮೇಟ್ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕೀಟೋಅಸಿಡೋಸಿಸ್. ರಕ್ತ ಆಮ್ಲವಾಗುತ್ತಿತ್ತು. ಎರಡು ದಿನ ಐಸಿಯು. ಒಂದು ಕೈಗೆ ಸಲೈನ್, ಇನ್ನೊಂದು ಕೈಗೆ ಪಂಪಿನಿಂದ ಗಂಟೆಗಿಷ್ಟು ಎಂದು ಇನ್ಸುಲಿನ್. ಆ ಮಂಪರಿನಲ್ಲಿಯೂ ನಾನು ಗಮನಿಸಿದ್ದು ಒಂದೇ: ತುರಿಸುತ್ತಿಲ್ಲ.

ಎಷ್ಟು ದಿನದಿಂದ ಡೋಸ್ ಬಿಟ್ಟಿದ್ದೀಯಾ ಎಂದು ಡಾಕ್ಟರು ಕೇಳಿದರು. ಒಂದೆರಡು ದಿನ ಅಷ್ಟೇ ಎಂದೆ. ಕಾಲ ಬುಡದಲ್ಲಿ ನಿಂತಿದ್ದ ರೂಮ್‌ಮೇಟ್, “ಇಲ್ಲ ಸರ್, ಒಂದು ತಿಂಗಳ ಮೇಲಾಯ್ತು. ರಾತ್ರಿ ಪೆನ್ ತಿರುಗಿಸೋ ಟಿಕ್ ಟಿಕ್ ಪೂರ್ತಿ ಕೇಳಿಸ್ತಿಲ್ಲ,” ಎಂದಳು. ಎರಡು ವರ್ಷ ಆ ಶಬ್ದ ಕೇಳುತ್ತಲೇ ಮಲಗಿದವಳು. ಹದಿನೆಂಟು ಟಿಕ್ ಅವಳಿಗೂ ಲೆಕ್ಕವಿತ್ತು ಎಂದು ನನಗೆ ಗೊತ್ತಿರಲಿಲ್ಲ. ಆಗ ಎಲ್ಲ ಹೇಳಿದೆ. ಫೋನಿನಲ್ಲಿ ತೆಗೆದಿಟ್ಟಿದ್ದ ಕೆಂಪು ಗುರುತುಗಳ ಫೋಟೋ, ನೋಟ್‌ಬುಕ್ಕು, ಎಲ್ಲ ತೋರಿಸಿದೆ. ಬೈಗುಳ ಕಾಯುತ್ತಿದ್ದೆ. ಡಾಕ್ಟರು ನೋಟ್‌ಬುಕ್ಕಿನ ನಾಲ್ಕು ಪುಟ ತಿರುವಿ, “ಇದನ್ನ ಆವತ್ತೇ ತಂದಿದ್ರೆ ಹದಿನೈದು ನಿಮಿಷದ ಕೆಲಸ ಇತ್ತು,” ಎಂದರು. ಬೈದಿದ್ದರೇ ವಾಸಿಯಿತ್ತು.

ಚುಚ್ಚಿದ ಜಾಗದಲ್ಲಿ ಮಾತ್ರ ಏಳುವ ಇಂಥ ಅಲರ್ಜಿ ಎಷ್ಟೋ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದಂತೆ. ಇಳಿಯದಿದ್ದರೆ ಅಲರ್ಜಿ ಮಾತ್ರೆ. ಅದಕ್ಕೂ ಬಗ್ಗದಿದ್ದರೆ ಬೇರೆ ಇನ್ಸುಲಿನ್. ಯಾವುದೂ ಆಗದ ಅಪರೂಪದವರಿಗೆ ಆಸ್ಪತ್ರೆಯಲ್ಲಿಟ್ಟು ಅತಿ ಸಣ್ಣ ಪ್ರಮಾಣದಿಂದ ಮೆಲ್ಲಮೆಲ್ಲಗೆ ಏರಿಸುತ್ತಾ ದೇಹವನ್ನು ಒಗ್ಗಿಸುತ್ತಾರೆ. ಯಾವ ಮೆಟ್ಟಿಲಿನಲ್ಲೂ ‘ನೀನೇ ಕಡಿಮೆ ಮಾಡಿಕೋ’ ಎಂಬುದಿಲ್ಲ. ಮೊದಲು ಯಾವುದು ಆಗುತ್ತಿಲ್ಲ ಎಂದು ತಿಳಿಯಬೇಕು, ಅದಕ್ಕೆ ಚರ್ಮ ಪರೀಕ್ಷೆ. ಪರೀಕ್ಷೆಗೆ ಒಂದು ವಾರ ಮೊದಲು ತುರಿಕೆಯ ಮಾತ್ರೆ ನಿಲ್ಲಿಸಬೇಕು. ಆ ವಾರ ಪೂರ್ತಿ ಹದಿನೆಂಟು ಯೂನಿಟ್ ಹಾಕಿಕೊಂಡು, ತಣ್ಣೀರಿನ ಬಟ್ಟೆ ಇಟ್ಟುಕೊಂಡು ಕೆರೆಯದೆ ಕಳೆದೆ. ಪಿಎಚ್‌ಡಿಯಲ್ಲಿ ಅದಕ್ಕಿಂತ ಕಷ್ಟದ ವಾರ ಇನ್ನೂ ಬಂದಿಲ್ಲ.

ಪರೀಕ್ಷೆಯ ದಿನ ಮುಂಗೈ ಒಳಭಾಗದಲ್ಲಿ ಸಾಲಾಗಿ ಚುಕ್ಕೆ ಇಟ್ಟು ಒಂದೊಂದು ಹನಿ ಚುಚ್ಚಿದರು. ಒಂದು ಬರೀ ಉಪ್ಪುನೀರು, ಏನೂ ಆಗಬಾರದು. ಒಂದು ಹಿಸ್ಟಮಿನ್, ಎಲ್ಲರಿಗೂ ಏಳಲೇಬೇಕು. ನಡುವೆ ನನ್ನ ತಿಳಿ ಇನ್ಸುಲಿನ್, ನನ್ನ ಬಿಳಿ ಇನ್ಸುಲಿನ್, ಇನ್ನೊಂದು ಬಗೆಯ ಹೊಸ ಇನ್ಸುಲಿನ್, ಕೊನೆಗೆ ಪ್ರೋಟಮೈನ್ ಎಂಬುದೊಂದು. ಇಪ್ಪತ್ತು ನಿಮಿಷ ಗೋಡೆ ಗಡಿಯಾರ ನೋಡುತ್ತಾ ಕೂತೆ. ತಿಳಿಯದು ಏಳಲಿಲ್ಲ. ಅಷ್ಟಕ್ಕೇ ಕಣ್ಣು ತುಂಬಿತು. ಇನ್ಸುಲಿನ್ ಅಲ್ಲ! ಎದ್ದದ್ದು ಬಿಳಿಯದು, ಮತ್ತು ಪ್ರೋಟಮೈನ್.

ಔಷಧದ ಡಬ್ಬಿಯೊಳಗೆ ಎಂಟು ಮಡಿಕೆಯ ತೆಳ್ಳನೆಯ ಕಾಗದ ಇರುತ್ತದಲ್ಲ, ಎಲ್ಲರೂ ಮೊದಲು ಎಸೆಯುವುದು. ಅಡಿಟಿಪ್ಪಣಿ ಬಿಡದೆ ಓದಬೇಕು ಎಂದು ಜೂನಿಯರ್‌ಗಳಿಗೆ ಬುದ್ಧಿ ಹೇಳುವ ನಾನು ಹನ್ನೆರಡು ವರ್ಷದಲ್ಲಿ ಆ ಕಾಗದವನ್ನು ಒಮ್ಮೆಯೂ ಬಿಡಿಸಿರಲಿಲ್ಲ. ಅಂದು ಬಿಡಿಸಿದೆ. ಮೆಟಾಕ್ರೆಸಾಲ್, ಫೀನಾಲ್, ಜಿಂಕ್, ಗ್ಲಿಸರಿನ್, ಪ್ರೋಟಮೈನ್ ಸಲ್ಫೇಟ್. ಇನ್ಸುಲಿನ್ ಎಂದು ನಾನು ಒಂದೇ ಹೆಸರಿನಲ್ಲಿ ಕರೆಯುತ್ತಿದ್ದ ದ್ರವದೊಳಗೆ ಇಷ್ಟು ಜನ. ಒಬ್ಬರು ಕೆಡದಂತೆ ಕಾಯುವವರು, ಒಬ್ಬರು ಕರಗುವುದನ್ನು ತಡೆಯುವವರು. ಎನ್‌ಪಿಎಚ್ ಎಂಬ ಹೆಸರಿನಲ್ಲಿ ಪಿ ಎಂದರೆ ಪ್ರೋಟಮೈನ್, ಎಚ್ ಎಂದರೆ ಡೆನ್ಮಾರ್ಕಿನ ವೈದ್ಯ ಹಾಗೆಡಾರ್ನ್. 1930ರ ದಶಕದಲ್ಲಿ ಆತ, ದಿನಕ್ಕೆ ಹಲವು ಸಲ ಚುಚ್ಚಿಕೊಳ್ಳಬೇಕಾದ ಕಷ್ಟ ಕಡಿಮೆ ಮಾಡಲು, ಇನ್ಸುಲಿನ್ ಜೊತೆ ಈ ಪ್ರೋಟೀನನ್ನು ಸೇರಿಸಿದ. ಸೇರಿಸಿದಾಗ ಇನ್ಸುಲಿನ್ ನಿಧಾನವಾಗಿ ಕರಗಿತು. ಆ ಪ್ರೋಟೀನು ಸಿಗುವುದು ಮೀನಿನ ವೀರ್ಯದಲ್ಲಿ.

ಇದನ್ನು ಅಮ್ಮನಿಗೆ ಫೋನಿನಲ್ಲಿ ವಿವರಿಸುವಾಗ ವೀರ್ಯದ ಭಾಗ ಬಿಟ್ಟು ಮೀನು ಎಂದಷ್ಟೇ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಐಸಿಯು ಎಂದಾಗಲೂ ಅಷ್ಟು ಗಾಬರಿಯಾಗಿರಲಿಲ್ಲ. “ಹಂಗಾರೆ ಮೀನ್ ತಿಂಬುದೂ ಬಿಡ್ಕಾ?” ಬೂತಾಯಿ, ಬಂಗುಡೆ ಇಲ್ಲದೆ ನಮ್ಮ ಮನೆಯಲ್ಲಿ ಅನ್ನ ಇಳಿಯುವುದಿಲ್ಲ. ಡಾಕ್ಟರನ್ನು ಕೇಳಿದ್ದೇನೆ, ಈವರೆಗೆ ತಿಂದು ಏನೂ ಆಗಿಲ್ಲವಾದ್ದರಿಂದ ತಿನ್ನಬಹುದಂತೆ ಎಂದ ಮೇಲೆ ಅಮ್ಮನ ಉಸಿರು ಕೇಳಿಸಿತು.

ಡಾಕ್ಟರು ಇನ್ನೊಂದು ಮಾತು ಹೇಳಿ ಫೈಲಿನ ಮೇಲೆ ಕೆಂಪು ಇಂಕಿನಲ್ಲಿ ಬರೆದರು. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ತೆಳುವಾಗಿಸುವ ಹೆಪಾರಿನ್ ಕೊಟ್ಟು, ಕೊನೆಗೆ ಅದರ ಪರಿಣಾಮ ಕಳೆಯಲು ಇದೇ ಪ್ರೋಟಮೈನನ್ನು ರಕ್ತನಾಳಕ್ಕೇ ಕೊಡುತ್ತಾರೆ. ಮುಂದೆಂದಾದರೂ ಅಂಥ ಸಂದರ್ಭ ಬಂದರೆ ಮೊದಲು ಇದನ್ನು ಹೇಳಬೇಕು. ತೊಡೆಯ ಮೇಲೆ ಕೆಂಪಾಗಿ ಎದ್ದು ಹೋಗುತ್ತಿದ್ದುದನ್ನು ನಾನು ಉದ್ದ ತೋಳಿನೊಳಗೆ ಬಚ್ಚಿಡುವ ನಾಚಿಕೆ ಎಂದುಕೊಂಡಿದ್ದೆ. ಅದು ಫೈಲಿನ ಮುಖಪುಟದಲ್ಲಿ ಇರಬೇಕಾದ ಮಾಹಿತಿಯಾಗಿತ್ತು.

ಆ ದಿನಗಳಲ್ಲಿ ಪ್ರಬಂಧ ಬರೆಯುವುದು ಬಿಟ್ಟು ಇನ್ಸುಲಿನ್ ಚರಿತ್ರೆ ಓದಿದೆ. (ಗೈಡ್ ಇದನ್ನು ಓದದಿರಲಿ.) ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ 1921ರಲ್ಲಿ ಇನ್ಸುಲಿನ್ ಕಂಡುಹಿಡಿದರು ಎಂಬುದನ್ನು ಶಾಲೆಯಲ್ಲಿಯೇ ಓದಿದ್ದೆವು. ಮುಂದಿನದನ್ನು ಓದಿರಲಿಲ್ಲ. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಆತ ಎಲುಬಿನ ಹಂದರವಾಗಿದ್ದ. ಸಕ್ಕರೆ ಸ್ವಲ್ಪ ಇಳಿಯಿತು, ಆದರೆ ಚುಚ್ಚಿದ ಜಾಗದಲ್ಲಿ ಬಾವು ಎದ್ದಿತು. ದನದ ಮೇದೋಜೀರಕದಿಂದ ತೆಗೆದ ಆ ಕಂದು ರಸದಲ್ಲಿ ಕಶ್ಮಲ ಅಷ್ಟಿತ್ತು. ಪ್ರಯೋಗ ನಿಲ್ಲಿಸಿದರು. ಜೇಮ್ಸ್ ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞ ಹಗಲೂ ರಾತ್ರಿ ಕೂತು ಅದನ್ನು ಶುದ್ಧಗೊಳಿಸಿದ. ಜನವರಿ 23ರಂದು ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಆಮೇಲೆ ಹದಿಮೂರು ವರ್ಷ ಬದುಕಿದ. ಚರಿತ್ರೆಯ ಮೊಟ್ಟಮೊದಲ ಇನ್ಸುಲಿನ್ ಚುಚ್ಚುಮದ್ದೇ ಚರ್ಮ ಕೆರಳಿಸಿತ್ತು ಎಂದು ಓದಿ ನನಗೆ ವಿಚಿತ್ರ ಸಮಾಧಾನವಾಯಿತು. ಅಲ್ಲಿ ಯಾರೋ ಆ ಹುಡುಗನ ಬಟ್ಟೆ ಸರಿಸಿ ಬಾವು ನೋಡಿದ್ದರು, ಬರೆದಿಟ್ಟಿದ್ದರು, ರಸ ಸರಿಯಿಲ್ಲ ಎಂದು ಒಪ್ಪಿಕೊಂಡಿದ್ದರು. ಹನ್ನೆರಡೇ ದಿನದಲ್ಲಿ ದಾರಿ ಸಿಕ್ಕಿತು. ನಾನು ನಾಲ್ಕು ತಿಂಗಳು ತೆಗೆದುಕೊಂಡೆ.

ಈಗ ರಾತ್ರಿಯದು ಗ್ಲಾರ್ಜಿನ್. ಅದರಲ್ಲಿ ಪ್ರೋಟಮೈನ್ ಇಲ್ಲ. ಚರ್ಮದ ಕೆಳಗೆ ಹೋದ ಮೇಲೆ ತಾನೇ ಸಣ್ಣ ಹರಳಾಗಿ ಕೂತು ನಿಧಾನ ಕರಗುತ್ತದೆ. ತಿಳಿಯಾಗಿದೆ, ಹೊರಳಿಸುವ ಕೆಲಸವಿಲ್ಲ. ಸ್ವಲ್ಪ ಆಮ್ಲೀಯವಾದ್ದರಿಂದ ಒಳಗೆ ಹೋಗುವಾಗ ಚುರ್ ಎನ್ನುತ್ತದೆ. ಮೊದಲ ರಾತ್ರಿ ಆ ಚುರ್‌ಗೆ ಹೆದರಿ ಟಾರ್ಚ್ ಹಿಡಿದು ಒಂದು ಗಂಟೆ ತೊಡೆ ನೋಡುತ್ತಾ ಕೂತಿದ್ದೆ. ಏನೂ ಏಳಲಿಲ್ಲ. ಬೆಲೆ ಮಾತ್ರ ಹಳೆಯದಕ್ಕಿಂತ ಬಹಳ ಹೆಚ್ಚು. ಪ್ರೋಟಮೈನ್ ಆಗದ, ಇದನ್ನು ಕೊಳ್ಳಲೂ ಆಗದ ಒಬ್ಬ ಹುಡುಗಿ ಎಲ್ಲೋ ನನ್ನಂತೆಯೇ ಟಿಕ್‌ಗಳನ್ನು ಕಡಿಮೆ ಮಾಡುತ್ತಿರಬಹುದು ಎಂದು ಬಿಲ್ಲು ಕೊಡುವಾಗ ಅನ್ನಿಸುತ್ತದೆ. ನನ್ನ ಫೆಲೋಶಿಪ್ ಇನ್ನು ಹದಿನಾಲ್ಕು ತಿಂಗಳಿಗೆ ಮುಗಿಯುತ್ತದೆ. ಆಮೇಲೆ ನಾನೇ ಆ ಹುಡುಗಿಯಾಗಬಹುದು.

ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮ ಹದಿನೈದು ದಿನ ಮೈಸೂರಿನಲ್ಲಿ ನೆಂಟರ ಮನೆಯಲ್ಲಿದ್ದಳು. ನರ್ಸ್ ಕೊಟ್ಟಿದ್ದ ಜಾಗ ಬದಲಿಸುವ ಚಾರ್ಟು ಅವಳಿಗೆ ಹಿಡಿಸಲಿಲ್ಲ. ಅಂಗೈಯಷ್ಟು ಚಿಕ್ಕದು, ಗೊಂಬೆಗೆ ಸೊಂಟವೇ ಇಲ್ಲ ಎಂದಳು. ಕಟಿಂಗಿಗೆ ಬಳಸುವ ಕಂದು ಕಾಗದ ತಂದು, ನನ್ನ ಅಳತೆಗೇ ಸರಿಯಾಗಿ ಹೊಟ್ಟೆ, ತೊಡೆ, ಬಲತೋಳು ಬರೆದು, ಸ್ಕೇಲಿಟ್ಟು ಒಂದೊಂದು ಇಂಚಿನ ಚೌಕ ಎಳೆದಳು. ಹೊಕ್ಕುಳಿನ ಸುತ್ತ ಎರಡು ಇಂಚು ಖಾಲಿ. ಎಡತೋಳಿನ ಮೇಲೆ ದೊಡ್ಡ ಇಂಟು ಗುರುತು. ಚುಚ್ಚಿದ ಚೌಕಕ್ಕೆ ನಾನು ದಿನವೂ ಪೆನ್ಸಿಲ್ ಚುಕ್ಕೆ ಇಡಬೇಕು. ಅದು ಈಗ ಬೀರುವಿನ ಬಾಗಿಲ ಒಳಗಡೆ ಅಂಟಿದೆ. ಬಂದವರಿಗೆ ಕಾಣುವುದಿಲ್ಲ, ರೂಮ್‌ಮೇಟ್‌ಗೆ ಕಾಣುತ್ತದೆ. ನನ್ನ ಎರಡು ಕುರ್ತಾಗಳ ಪಕ್ಕದ ಹೊಲಿಗೆಯನ್ನು ಅಮ್ಮ ಜೇಬಿನ ಹತ್ತಿರ ನಾಲ್ಕು ಇಂಚು ಬಿಚ್ಚಿ ಒಳಗಿನಿಂದ ಒತ್ತುಗುಂಡಿ ಹಚ್ಚಿದ್ದಾಳೆ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಶೌಚಾಲಯ ಹುಡುಕದೆ ಹೊಟ್ಟೆಗೆ ಹಾಕಿಕೊಳ್ಳಬಹುದು. ಮೊದಲ ಸಲ ಹಾಗೆ ಮಾಡಿದ್ದು ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ, ಪಕ್ಕದ ಸೀಟಿನ ಅಜ್ಜಿ ನೋಡಿ, “ಸಕ್ಕರೆ ಕಾಯಿಲೆನಾ? ನಮ್ಮನೇವ್ರಿಗೂ ಇತ್ತು,” ಎಂದು ಕಡಲೆಕಾಯಿ ಕೊಟ್ಟರು.

ದೀಪಾವಳಿಗೆ ಊರಿಗೆ ಹೋಗಿದ್ದೆ. ಊಟವಾದ ಮೇಲೆ ಅಮ್ಮ ಯಾವ ಬಟ್ಟೆಯೂ ಕೈಯಲ್ಲಿಲ್ಲದೆ ಟೇಪು ತಂದಳು. ಎಡತೋಳು ಎತ್ತಿಸಿ ಅಳೆದಳು, ಬಲತೋಳು ಅಳೆದಳು, ಮತ್ತೆ ಎಡಕ್ಕೆ ಬಂದಳು. ಗಿರಾಕಿಗಳ ಅಳತೆ ಪುಸ್ತಕದಲ್ಲಿ ನನ್ನ ಹೆಸರಿನ ಪುಟ ತೆಗೆದು, ಅರ್ಧ ಎಂದಿದ್ದುದರ ಕೆಳಗೆ ಕಾಲು ಎಂದು ಬರೆದು ತಾರೀಖು ಹಾಕಿದಳು.

“ಜನವರಿಗೆ ಬಾ, ಮತ್ತೆ ಕಾಂಬ,” ಎಂದಳು.